ಸ್ವಾತಂತ್ರ್ಯಕ್ಕೆ ಮೊದಲೇ ಕಟ್ಟಿದ ಮನೆ

ಒಂದು ರಾಷ್ಟ್ರವು ಸ್ವತಂತ್ರವಾದ ತರುವಾಯ ಪರರಾಜ್ಯಗಳಿಗೆ ತನ್ನ ದೂತರನ್ನು ನಿಯೋಜಿಸುವುದೂ, ಹಾಗೆ ನಿಯುಕ್ತರಾದವರು ಅಲ್ಲಿನ ರಾಜಧಾನಿಯಲ್ಲಿ ಮೊದಲು ಬಾಡಿಗೆಯ ಕಟ್ಟಡವೊಂದರಲ್ಲಿ ಕಚೇರಿ ಹೂಡಿ, ಸಂಬಂಧಗಳು ಬಲಿತ ಮೇಲೆ ಸ್ವಂತದ ಭವನವನ್ನು ಕಟ್ಟಿಸುವುದೂ ಲೋಕದಲ್ಲಿ ರೂಢಿಯಾಗಿ ಬಂದಿರುವ ಕ್ರಮ. ಲಂಡನ್ ನಗರದಲ್ಲಿ ಭಾರತದ ವಿಷಯದಲ್ಲಿ ಮಾತ್ರ ಈ ಕ್ರಮವು ತಲೆಕೆಳಗಾಯಿತು. ಆಲ್ಡ್‌ವಿಚ್ ಎಂಬ ಬೀದಿಯಲ್ಲಿ ಪೋರ್ಟ್‌ಲೆಂಡಿನ ಬಿಳಿಯ ಶಿಲೆಯಿಂದ ನಿರ್ಮಿತವಾಗಿ, ಇಂದು ನಮ್ಮ ಹೈಕಮಿಷನರ ಕಾರ್ಯಾಲಯವಾಗಿರುವ ಇಂಡಿಯಾ ಹೌಸ್ ಉದ್ಘಾಟಿತವಾದುದು 1930ರ ಜುಲೈ 8ರಂದು. ಅಂದರೆ ಭಾರತವು ಸ್ವತಂತ್ರವಾಗುವುದಕ್ಕೆ ಹದಿನೇಳು ವರ್ಷಗಳ ಮುಂಚೆ. ಮನೆ ಮೊದಲು ಎದ್ದಿತು. ಅದರ ಯಜಮಾನಿಕೆ ನಮ್ಮ ಕೈಗೆ ಬಂದುದು ಬಹುಕಾಲದ ಮೇಲೆ. ಆ ನಡುವಣ ವರ್ಷಗಳಲ್ಲಿ ಅದು ಯಾರ ಮನೆಯಾಗಿತ್ತು, ಯಾರ ಹಣದಿಂದ ಎದ್ದಿತು, ಯಾರ ಕೈಗಳು ಅದನ್ನು ನಿಜವಾಗಿ ಭಾರತದ್ದನ್ನಾಗಿ ಮಾಡಿದುವು ಎಂಬುದನ್ನು ವಿಚಾರಿಸಿ ನೋಡುವುದು, ಎರಡು ದೇಶಗಳ ನಡುವಣ ಸುದೀರ್ಘ ಋಣಾನುಬಂಧವನ್ನು ಒಂದೇ ಸ್ಥಳದಲ್ಲಿ ನಿಂತು ಅವಲೋಕಿಸಿದಂತೆಯೇ ಸರಿ.

ಲಂಡನ್ನಿನಲ್ಲಿ ಭಾರತದ ಹೆಸರನ್ನು ಹೊತ್ತು ನಿಂತ ಮನೆಗಳಲ್ಲಿ ಇದು ಮೊದಲನೆಯದಲ್ಲ. ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಹೌಸ್ ಈ ವಂಶದ ಮೂಲಪುರುಷ. ವ್ಯಾಪಾರಿಗಳ ಕೂಟವೊಂದು ಕೋಟ್ಯಂತರ ಜನರ ಪ್ರಭುವಾದ ವಿಚಿತ್ರವಾದ ಕಾಲದಲ್ಲಿ, ಆ ಪ್ರಭುತ್ವದ ಲೆಕ್ಕಪತ್ರಗಳೆಲ್ಲವೂ ಆ ಮನೆಯಲ್ಲಿಯೇ ಬರೆಯಲ್ಪಡುತ್ತಿದ್ದುವು. ಪ್ರಬಂಧಕಾರನಾದ ಚಾರ್ಲ್ಸ್ ಲ್ಯಾಂಬ್ ತನ್ನ ಯೌವನವನ್ನೂ ನಡುವಯಸ್ಸನ್ನೂ ಸವೆಸಿದುದು ಅಲ್ಲಿನ ಗುಮಾಸ್ತೆಯ ಮೇಜಿನ ಮುಂದೆ. ತತ್ತ್ವಜ್ಞರಾದ ಜೇಮ್ಸ್ ಮಿಲ್ ಮತ್ತು ಅವನ ಮಗ ಜಾನ್ ಸ್ಟುವರ್ಟ್ ಮಿಲ್ ಭಾರತವನ್ನು ಕಣ್ಣಾರೆ ಕಾಣದೆಯೇ ಅದರ ಆಡಳಿತಕ್ಕೆ ಸಂಬಂಧಿಸಿದ ಪತ್ರಗಳನ್ನು ರಚಿಸುತ್ತಿದ್ದುದೂ ಅಲ್ಲಿಯೇ. ಕನ್ನಡಿಗರಿಗೆ ಆ ಮನೆಯೊಡನೆ ಇನ್ನೂ ನಿಕಟವಾದ, ಹೆಚ್ಚು ನೋವಿನ ಸಂಬಂಧವೊಂದುಂಟು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದಾಗ ಅರಮನೆಯ ಸಂಗೀತಶಾಲೆಯಲ್ಲಿ ದೊರೆತ ಟೀಪು ಸುಲ್ತಾನನ ಮರದ ಹುಲಿಯನ್ನು ಹಡಗಿನಲ್ಲಿ ಸಾಗಿಸಿ, 1808ರಿಂದ ಆ ಮನೆಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು. ಕೆಳಗೆ ಬಿದ್ದ ಐರೋಪ್ಯನೊಬ್ಬನ ಕಂಠಕ್ಕೆ ಬಾಯಿಹಾಕಿದ, ಹೆಚ್ಚುಕಡಿಮೆ ಸಹಜಗಾತ್ರದ ಹುಲಿ ಅದು; ಅದರ ಹೊಟ್ಟೆಯೊಳಗೆ ತಿದಿಗಳೂ ಕೊಳವೆಗಳೂ ಅಡಗಿವೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಬಿದ್ದವನ ಎಡಗೈ ಮೇಲಕ್ಕೂ ಕೆಳಕ್ಕೂ ಆಡುತ್ತದೆ, ಅವನ ಬಾಯಿಂದ ಆರ್ತಸ್ವರವೂ ಹುಲಿಯ ಗಂಟಲಿನಿಂದ ಗುರುಗುಟ್ಟುವಿಕೆಯೂ ಹೊರಡುತ್ತವೆ. ಹುಲಿಯ ಪಾರ್ಶ್ವದಲ್ಲಿರುವ ಮುಚ್ಚಳವನ್ನು ತೆರೆದರೆ ದಂತದ ಮನೆಗಳುಳ್ಳ ಸಣ್ಣ ವಾದ್ಯವೇ ಕಾಣಿಸುತ್ತದೆ. ಬಂದ ಬಂದವರೆಲ್ಲರೂ ಹಿಡಿಯನ್ನು ತಿರುಗಿಸಿ ನೋಡಬಯಸುತ್ತಿದ್ದುದರಿಂದ ಪಕ್ಕದಲ್ಲಿ ಕುಳಿತು ಗ್ರಂಥಾವಲೋಕನ ಮಾಡುತ್ತಿದ್ದ ವಿದ್ವಾಂಸರಿಗೆ ನೆಮ್ಮದಿಯಿರಲಿಲ್ಲವೆಂದು ಅಂದಿನ ಪತ್ರಿಕೆಗಳು ದೂರಿವೆ. ಸೋತ ರಾಜ್ಯದ ಕುಶಲಿಗಳು ಮಾಡಿದ ಯಂತ್ರವು ಗೆದ್ದವರ ಮನೆಯ ಕುತೂಹಲದ ವಸ್ತುವಾಯಿತು. ಭಾರತವನ್ನು ಆ ಮನೆ ಕಂಡ ಬಗೆಗೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯ ಬೇಕಿಲ್ಲ.

1857ರ ದಂಗೆಯ ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರವು ಕೊನೆಗೊಂಡಿತು, ಲೆಡನ್‌ಹಾಲ್ ಬೀದಿಯ ಮನೆಯನ್ನು ಮಾರಿ ಕೆಡವಿದರು. ವೈಟ್‌ಹಾಲಿನ ಬಳಿ ಮ್ಯಾಥ್ಯೂ ಡಿಗ್ಬಿ ವಯಟ್ ಎಂಬ ಶಿಲ್ಪಿಯು ಅಲಂಕರಿಸಿದ ಭವ್ಯವಾದ ಒಳಾಂಗಣವುಳ್ಳ, ಭಾರತದ ಆಡಳಿತವನ್ನು ನಡೆಸುವ ಇಂಡಿಯಾ ಆಫೀಸ್ ಎದ್ದಿತು. 1867ರ ಜುಲೈ ತಿಂಗಳಿನಲ್ಲಿ ತುರ್ಕಿಯ ಸುಲ್ತಾನ ಅಬ್ದುಲ್ ಅಜೀಜನು ಇಂಗ್ಲೆಂಡಿಗೆ ಬಂದಾಗ ಅವನ ಗೌರವಾರ್ಥವಾಗಿ ವೈಭವದ ನೃತ್ಯೋತ್ಸವವು ಅಲ್ಲಿ ಜರುಗಿತು. ಅದರ ವೆಚ್ಚವನ್ನು ಭಾರತದ ಬೊಕ್ಕಸದ ಲೆಕ್ಕಕ್ಕೆ ಬರೆದರು. ಅದರ ಹಿಂದಿನ ವರ್ಷವಷ್ಟೇ ಒರಿಸ್ಸದಲ್ಲಿ ಲಕ್ಷಾಂತರ ಜನರು ಕ್ಷಾಮದಿಂದ ಸತ್ತಿದ್ದರು. ಇಂಡಿಯಾ ಆಫೀಸಿನ ನೌಕರರ ಸಂಬಳವೂ, ಭಾರತ ಸಚಿವನ ಸಂಬಳವೂ ಸಹ ನಮ್ಮ ರೈತನು ತೆತ್ತ ಕಂದಾಯದಿಂದಲೇ ಸಲ್ಲುತ್ತಿದ್ದುವು. ದಾದಾಭಾಯಿ ನವರೋಜಿಯವರು ಸಂಪತ್ತಿನ ಸೋರಿಕೆಯೆಂದು ಜೀವಮಾನವೆಲ್ಲ ಸಾರಿ ಹೇಳಿದ ಸಂಗತಿಯ ಒಂದು ಸಣ್ಣ ಕವಲು ಇದು. ತಮ್ಮನ್ನು ಆಳುವ ಕಚೇರಿಯ ಬಾಡಿಗೆಯನ್ನು ಆಳಿಸಿಕೊಳ್ಳುವವರೇ ಕೊಡಬೇಕೆಂಬುದು ನ್ಯಾಯವಲ್ಲವೆಂದು ಬ್ರಿಟಿಷ್ ಪಾರ್ಲಿಮೆಂಟು ಒಪ್ಪಿಕೊಳ್ಳುವುದಕ್ಕೆ 1919ರ ಶಾಸನದವರೆಗೆ ಕಾಯಬೇಕಾಯಿತು.

ಈ ಮಧ್ಯೆ, 1905ರ ಜುಲೈ 1ರಂದು, ಲಂಡನ್ನಿನ ಉತ್ತರಭಾಗದ ಹೈಗೇಟಿನಲ್ಲಿ, ಕ್ರಾಮ್‌ವೆಲ್ ಅವೆನ್ಯೂವಿನ 65ನೆಯ ಸಂಖ್ಯೆಯ ಮನೆಯಲ್ಲಿ, ಶ್ಯಾಮಜಿ ಕೃಷ್ಣವರ್ಮರು ಭಾರತೀಯ ವಿದ್ಯಾರ್ಥಿಗಳಿಗಾಗಿ ತೆರೆದ ವಸತಿಗೃಹಕ್ಕೂ ಇಂಡಿಯಾ ಹೌಸ್ ಎಂಬ ಹೆಸರೇ ಇತ್ತು. ಆಲ್ಡ್‌ವಿಚ್ಚಿನ ಭವನಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ; ಓದುಗರು ಇವೆರಡನ್ನು ಕೂಡಿಸಿಕೊಂಡು ಗೊಂದಲಕ್ಕೆ ಒಳಗಾಗುವುದು ಸಾಮಾನ್ಯವಾದುದರಿಂದ ಇಷ್ಟನ್ನು ಹೇಳಬೇಕಾಯಿತು. ಕ್ರಾಂತಿಕಾರಿಗಳಾದ ಸಾವರ್ಕರರೂ ಮದನಲಾಲ್ ಧಿಂಗ್ರಾನೂ ಸೇರುತ್ತಿದ್ದ ಆ ಮನೆಯು, 1909ರಲ್ಲಿ ಧಿಂಗ್ರಾನು ಇಂಡಿಯಾ ಆಫೀಸಿನ ಅಧಿಕಾರಿಯಾದ ಕರ್ಜನ್ ವೈಲಿಯನ್ನು ಗುಂಡಿಟ್ಟು ಕೊಂದ ಮೇಲೆ ಉಳಿಯಲಿಲ್ಲ. ಆದರೆ ಅದು ಹುಟ್ಟಿಸಿದ ಭೀತಿಯು ಬೇರೊಂದು ರೀತಿಯಲ್ಲಿ ಉಳಿಯಿತು. ಇಂಗ್ಲೆಂಡಿನಲ್ಲಿ ಓದುತ್ತಿದ್ದ ಭಾರತೀಯ ತರುಣರ ಮನೋಭಾವವನ್ನು ವಿಚಾರಿಸುವುದಕ್ಕಾಗಿ ಸರ್ಕಾರವು 1907ರಲ್ಲಿಯೇ ಸಮಿತಿಯೊಂದನ್ನು ನೇಮಿಸಿತ್ತು. ತರುವಾಯ ಅವರ ಯೋಗಕ್ಷೇಮಕ್ಕೆಂದು, ಅವರ ಮೇಲೊಂದು ಕಣ್ಣಿಡುವುದಕ್ಕೂ ಹೌದು, ಕ್ರಾಮ್‌ವೆಲ್ ರಸ್ತೆಯಲ್ಲಿ ಒಂದು ಕಚೇರಿಯನ್ನು ತೆರೆಯಿತು. ಮುಂದೆ ಹೈಕಮಿಷನರ ಹುದ್ದೆ ಸೃಷ್ಟಿಯಾದಾಗ ವಿದ್ಯಾರ್ಥಿಗಳ ಈ ವಿಭಾಗವು ಅವರ ಅಧೀನಕ್ಕೆ ಬಂದಿತು. ಹೀಗೆ ನಮ್ಮ ರಾಯಭಾರದ ಶಿಕ್ಷಣಶಾಖೆಯು ಅನುಮಾನದ ಬೀಜದಿಂದಲೇ ಮೊಳೆತುದು.

ಆ ಹುದ್ದೆಯ ಸ್ವರೂಪವನ್ನು ಸ್ವಲ್ಪ ಸಾವಧಾನವಾಗಿ ನೋಡತಕ್ಕದ್ದು. 1920ರಲ್ಲಿ ಮೊದಲನೆಯ ಹೈಕಮಿಷನರಾಗಿ ನೇಮಕಗೊಂಡವರು ಭಾರತದಲ್ಲಿ ಹಣಕಾಸಿನ ಸದಸ್ಯರಾಗಿದ್ದ ಸರ್ ವಿಲಿಯಂ ಮೇಯರ್. ಕೆನಡಾ, ಆಸ್ಟ್ರೇಲಿಯಾಗಳ ಹೈಕಮಿಷನರುಗಳಿಗೂ ಅವರಿಗೂ ಇದ್ದ ಹೆಸರು ಒಂದೇ. ಅಧಿಕಾರದಲ್ಲಿ ಮಾತ್ರ ಅಜಗಜಾಂತರ. ಆ ದೇಶಗಳ ಪ್ರತಿನಿಧಿಗಳು ತಮ್ಮ ಜನ ಆರಿಸಿದ ಸರ್ಕಾರಗಳ ಪರವಾಗಿ ಮಾತನಾಡುತ್ತಿದ್ದರೆ, ಭಾರತದ ಹೈಕಮಿಷನರು ವೈಸರಾಯಿಯ ಸರ್ಕಾರಕ್ಕೆ ಬೇಕಾದ ಸಾಮಗ್ರಿಗಳನ್ನು ಕೊಳ್ಳುವುದು, ರಜೆಯ ಮೇಲೆ ಬಂದ ಅಧಿಕಾರಿಗಳಿಗೂ ನಿವೃತ್ತರಿಗೂ ವೇತನವನ್ನು ಬಟವಾಡೆ ಮಾಡುವುದು, ವಿದ್ಯಾರ್ಥಿಗಳಿಗೆ ಕಾಲೇಜುಗಳಲ್ಲಿ ಎಡೆ ದೊರಕಿಸುವುದು, ವ್ಯಾಪಾರದ ಮಾಹಿತಿಯನ್ನು ಒದಗಿಸುವುದು, ಇವೇ ಮೊದಲಾದ ಕೆಲಸಗಳಲ್ಲಿ ನಿರತರಾಗಿದ್ದರು. ರಾಜಕೀಯವೆಲ್ಲವೂ ಇಂಡಿಯಾ ಆಫೀಸಿನಲ್ಲಿದ್ದ ಸಚಿವನ ಪಾಲಿಗೇ ಉಳಿದಿತ್ತು. ಭಾರತಕ್ಕೆ ರೈಲು ಯಂತ್ರಗಳನ್ನೂ ಉಕ್ಕಿನ ಹಳಿಗಳನ್ನೂ ಕೊಂಡುಕೊಡುವ ಮುನೀಮನ ಹುದ್ದೆಯೆಂದು ಅದನ್ನು ಕರೆದರೆ ತಪ್ಪಾಗಲಾರದು. ಆದರೂ ಮೇಯರ್ ಅವರ ತರುವಾಯ ಬೊಂಬಾಯಿಯ ಸರ್ ದಾದಿಬಾ ದಲಾಲರು ಆ ಪೀಠವನ್ನು ಏರಿದ ಮೇಲೆ, ಅದು ಭಾರತೀಯರದೇ ಸ್ಥಾನವೆಂಬ ಭಾವನೆಯು ಕ್ರಮೇಣ ಬೇರೂರಿತು. ಅಧಿಕಾರವಿಲ್ಲದ ಗೌರವವಾದರೂ ಗೌರವವಷ್ಟೆ, ಅದರಿಂದ ಮುಂದಿನ ಹೆಜ್ಜೆಗೆ ಆಸರೆಯಾಯಿತು.

ಆ ಮುಂದಿನ ಹೆಜ್ಜೆಯನ್ನು ಇಟ್ಟವರು 1925ರಲ್ಲಿ ಹೈಕಮಿಷನರಾದ ಸರ್ ಅತುಲ ಚಂದ್ರ ಚಟರ್ಜಿಯವರು. ಬಂಗಾಳದವರಾದ ಅವರು ಐ.ಸಿ.ಎಸ್. ಅಧಿಕಾರಿ, 1927ರಲ್ಲಿ ಜಿನೀವದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನದ ಅಧ್ಯಕ್ಷಪದವಿಯನ್ನು ಅಲಂಕರಿಸಿದವರು. ಅಂದಿನ ಕಾರ್ಯಾಲಯವು ಗ್ರೋವ್‌ನರ್ ಗಾರ್ಡನ್ಸಿನ ವಾಸದ ಮನೆಗಳಲ್ಲಿ ಇಕ್ಕಟ್ಟಾಗಿ ನಡೆಯುತ್ತಿತ್ತು. ಆಸ್ಟ್ರೇಲಿಯಾದವರು 1918ರಲ್ಲಿಯೇ ತಮ್ಮ ಭವನವನ್ನು ತೆರೆದಿದ್ದರು. ಕೆನಡಾದವರು 1925ರಲ್ಲಿ ಟ್ರಫಾಲ್ಗರ್ ಚೌಕದಲ್ಲಿ ನೆಲೆಗೊಂಡಿದ್ದರು. ಭಾರತಕ್ಕೂ ತನ್ನ ಘನತೆಗೆ ತಕ್ಕ ಮನೆಯೊಂದು ಬೇಕೆಂದು ಚಟರ್ಜಿಯವರು ಪ್ರಸ್ತಾಪಿಸಿದರು. ದೊರೆತ ನಿವೇಶನವೂ ಗಮನಾರ್ಹವಾದುದು. ಹಳೆಯ ಪುಸ್ತಕದಂಗಡಿಗಳಿಗೆ ಹೆಸರಾಗಿದ್ದ ಹಾಲಿವೆಲ್ ಬೀದಿ, ಅದರ ನೆರೆಯ ವಿಚ್ ಬೀದಿ ಮೊದಲಾದ ಇಕ್ಕಟ್ಟಾದ ಓಣಿಗಳನ್ನೆಲ್ಲ ನೆಲಸಮ ಮಾಡಿ, ಕಿಂಗ್ಸ್‌ವೇ ಎಂಬ ವಿಶಾಲವಾದ ರಾಜಮಾರ್ಗವನ್ನೂ ಅದರ ತುದಿಯಲ್ಲಿ ಅರ್ಧಚಂದ್ರಾಕಾರದ ಆಲ್ಡ್‌ವಿಚ್ಚನ್ನೂ ಲಂಡನ್ನಿನ ಪೌರಾಡಳಿತದವರು ನಿರ್ಮಿಸಿದ್ದರು. ಏಳನೆಯ ಎಡ್ವರ್ಡ್ ದೊರೆಯು 1905ರ ಅಕ್ಟೋಬರ್ 18ರಂದು ಅದನ್ನು ತೆರೆದಿದ್ದನು. ಆ ಬೀದಿಗೂ ಸ್ಟ್ರಾಂಡಿಗೂ ನಡುವೆ ದ್ವೀಪದಂತೆ ಉಳಿದ ಭೂಮಿಯ ಪೂರ್ವಾಗ್ರದಲ್ಲಿ ಆಸ್ಟ್ರೇಲಿಯಾ ಹೌಸ್, ನಡುವೆ ಅಮೆರಿಕದ ವರ್ತಕನೊಬ್ಬನು ಕಟ್ಟಿಸಿದ ಬುಷ್ ಹೌಸ್, ಅದರ ಪಶ್ಚಿಮದ ಪಕ್ಕದಲ್ಲಿ ಭಾರತದ ಮನೆ.

ನಕ್ಷೆಯ ಹೊಣೆ ಸರ್ ಹರ್ಬರ್ಟ್ ಬೇಕರನ ಪಾಲಿಗೆ ಬಂತು, ಎ. ಟಿ. ಸ್ಕಾಟ್ ಅವನ ಸಹಕಾರಿ. ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿಯೂ, ಅನಂತರ ಹೊಸದೆಹಲಿಯಲ್ಲಿಯೂ ಸಾಮ್ರಾಜ್ಯದ ಸೌಧಗಳನ್ನು ಕಟ್ಟಿ ಹೆಸರು ಗಳಿಸಿದವನು ಬೇಕರ್. ರೈಸಿನಾ ಬೆಟ್ಟದ ಮೇಲಿನ ಎರಡು ಸಚಿವಾಲಯಗಳೂ, ಮುಂದೆ ನಮ್ಮ ಪಾರ್ಲಿಮೆಂಟು ಸೇರುವಂತಾದ ವರ್ತುಳಾಕಾರದ ಕೌನ್ಸಿಲ್ ಹೌಸೂ ಅವನವೇ. 1928ರಿಂದ 1930ರವರೆಗೆ ಲಂಡನ್ನಿನ ಕೆಲಸ ನಡೆಯಿತು. ಹೊರಗಿನಿಂದ ನೋಡಿದರೆ ಇಂಡಿಯಾ ಹೌಸ್ ಲಂಡನ್ನಿನ ಇತರ ಗಂಭೀರ ಕಚೇರಿಗಳ ಸಾಲಿನಲ್ಲಿ ಬೇರೆಯಾಗಿ ಎದ್ದು ಕಾಣುವುದಿಲ್ಲ; ಬೀದಿಯ ಶಿಸ್ತಿಗೆ ಒಳಪಟ್ಟ ಮುಖಭಾಗ, ಮಿತವಾದ ಕೆತ್ತನೆ. ಹತ್ತಿರ ಹೋಗಿ ನಿಂತಾಗ ಮಾತ್ರ ಗೋಡೆಯ ಮೇಲೆ ಬಣ್ಣಗಳಲ್ಲಿ ಮೂಡಿಸಿದ ಅಂದಿನ ಪ್ರಾಂತಗಳ ಲಾಂಛನಗಳು ಕಣ್ಣಿಗೆ ಬೀಳುತ್ತವೆ. ಕನ್ನಡಿಗನಾದವನು ಅವುಗಳಲ್ಲಿ ತನ್ನ ನಾಡನ್ನು ಅರಸಿದರೆ ಅಂದಿನ ನಮ್ಮ ಸ್ಥಿತಿಯು ಥಟ್ಟನೆ ಅರಿವಾಗುತ್ತದೆ: ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಬೊಂಬಾಯಿಯ ಲಾಂಛನದ ನೆರಳಿನಲ್ಲಿ, ಮಂಗಳೂರು, ಬಳ್ಳಾರಿಗಳು ಮದರಾಸಿನದರ ನೆರಳಿನಲ್ಲಿ, ಮೈಸೂರಾದರೋ ದೇಶೀಯ ಸಂಸ್ಥಾನವಾದುದರಿಂದ ಪ್ರಾಂತಗಳ ಪಂಕ್ತಿಗೇ ಸೇರುವಂತಿರಲಿಲ್ಲ. ಒಳಹೊಕ್ಕರೆ ಬೇಕರನು ಕೈಯನ್ನು ಸಡಿಲಬಿಟ್ಟಿರುವುದು ತಿಳಿಯುತ್ತದೆ. ಜಾಲಂಧ್ರಗಳು, ಮರದ ಹೊದಿಕೆಗಳು, ಗುಮ್ಮಟವುಳ್ಳ ಅಷ್ಟಕೋನದ ಮಂಟಪ, ಪುಸ್ತಕಾಲಯ, ವಸ್ತುಪ್ರದರ್ಶನದ ಅಂಗಣ, ಇವುಗಳಲ್ಲೆಲ್ಲ ಭಾರತವನ್ನು ನೆನಪಿಸುವ ಪ್ರಯತ್ನವುಂಟು. ನಮ್ಮ ಅರಣ್ಯಗಳ ಮರಮುಟ್ಟನ್ನು ಪಾಶ್ಚಾತ್ಯ ಗಿರಾಕಿಗಳಿಗೆ ಪರಿಚಯಿಸಬೇಕೆಂಬ ವ್ಯಾಪಾರದ ದೃಷ್ಟಿಯೂ ಆ ಮರಗೆಲಸದ ಹಿಂದೆ ಇದ್ದಿತು. ಬೇಕರನ ಕಲ್ಪನೆಯಲ್ಲಿ ಭಾರತವು ಸಾಮ್ರಾಜ್ಯದ ಕಟ್ಟಡಕ್ಕೆ ಲೇಪಿಸಬೇಕಾದ ಅಲಂಕಾರವೇ ಹೊರತು ಅದರ ಅಸ್ಥಿಪಂಜರವಲ್ಲ. ಆ ಮಿತಿಯನ್ನು ಒಪ್ಪಿಕೊಂಡ ಮೇಲೂ, ಕೆಲಸದ ಅಚ್ಚುಕಟ್ಟು ಪ್ರಶಂಸನೀಯವಾದುದೆಂಬುದನ್ನು ಮರೆಮಾಚಬೇಕಾಗಿಲ್ಲ.

ಉದ್ಘಾಟನೆಯ ದಿನವನ್ನು ಅಂದಿನ ಭಾರತದ ಪಕ್ಕದಲ್ಲಿಟ್ಟು ನೋಡಬೇಕು. ಐದನೆಯ ಜಾರ್ಜ್ ಚಕ್ರವರ್ತಿಯು ಆಲ್ಡ್‌ವಿಚ್ಚಿಗೆ ಬಂದು ದ್ವಾರವನ್ನು ತೆರೆದಾಗ ಮಹಾತ್ಮಾ ಗಾಂಧಿಯವರು ಯರವಡಾ ಸೆರೆಮನೆಯಲ್ಲಿದ್ದರು. ಜವಾಹರಲಾಲ ನೆಹರೂ ಅವರು ನೈನಿಯ ಸೆರೆಮನೆಯಲ್ಲಿದ್ದರು. ಉಪ್ಪಿನ ಸತ್ಯಾಗ್ರಹವು ಕರಾವಳಿಯುದ್ದಕ್ಕೂ ಹಬ್ಬಿತ್ತು. ನಮ್ಮ ಅಂಕೋಲೆಯಲ್ಲಿ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಸಹಸ್ರಾರು ಜನರು ಸಮುದ್ರತೀರದಲ್ಲಿ ಉಪ್ಪನ್ನು ತಯಾರಿಸಿ ಶಾಸನವನ್ನು ಮುರಿದು ಮೂರು ತಿಂಗಳೂ ತುಂಬಿರಲಿಲ್ಲ. ಸೈಮನ್ ಆಯೋಗದ ವರದಿಯು ಹಿಂದಿನ ತಿಂಗಳಷ್ಟೇ ಪ್ರಕಟವಾಗಿ ದೇಶವೆಲ್ಲ ಅದನ್ನು ಧಿಕ್ಕರಿಸಿತ್ತು. ಹೀಗಿರುವಾಗ ಭಾರತದ ಹೆಸರಿನಲ್ಲಿ, ಭಾರತದ ಹಣದಿಂದ, ಭಾರತದ ಜನರನ್ನು ಕೇಳದೆ ಕಟ್ಟಿದ ಮನೆಯಲ್ಲಿ ಔಪಚಾರಿಕವಾದ ಭಾಷಣಗಳು ನಡೆದುವು. ಮರುವರ್ಷ ಗಾಂಧಿಯವರು ದುಂಡುಮೇಜಿನ ಪರಿಷತ್ತಿಗೆ ಬಂದಾಗ ತಂಗಿದುದು ಪೂರ್ವ ಲಂಡನ್ನಿನ ಬಡವರ ನಡುವೆ, ಮ್ಯೂರಿಯೆಲ್ ಲೆಸ್ಟರ್ ನಡೆಸುತ್ತಿದ್ದ ಕಿಂಗ್ಸ್‌ಲೀ ಹಾಲಿನಲ್ಲಿ. ಆಗ ಇಂಗ್ಲಿಷ್ ಪ್ರಜೆಗಳು ಭಾರತವನ್ನು ಕಾಣಬಯಸಿ ಹೋದುದು ಆ ಸಣ್ಣ ಕೋಣೆಯ ಬಾಗಿಲಿಗೆ. ಆಲ್ಡ್‌ವಿಚ್ಚಿನ ಭವನಕ್ಕೆ ಇನ್ನೂ ಪ್ರಾಣಪ್ರತಿಷ್ಠೆಯಾಗಿರಲಿಲ್ಲವೆಂದೇ ನನ್ನ ಭಾವನೆ.

ಆ ಪ್ರಾಣಪ್ರತಿಷ್ಠೆಯನ್ನು ಮಾಡಿದವರು ನಾಲ್ವರು ತರುಣ ಚಿತ್ರಕಾರರು. ಅವರ ಕಥೆಯನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ. ಏಕೆಂದರೆ ಈ ಮನೆಯ ಇತಿಹಾಸವನ್ನು ಬರೆಯುವವರು ದೊರೆಯ ಹೆಸರನ್ನೂ ಶಿಲ್ಪಿಯ ಹೆಸರನ್ನೂ ತಪ್ಪದೆ ಹೇಳಿ ಇವರನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಭವನದ ಭಿತ್ತಿಗಳನ್ನೂ ಗುಮ್ಮಟವನ್ನೂ ಭಾರತೀಯ ಕಲಾವಿದರಿಂದಲೇ ಚಿತ್ರಿಸಬೇಕೆಂದು ನಿಶ್ಚಯವಾದ ಮೇಲೆ ಆಯ್ಕೆಯಾದವರು ರಣದಾಚರಣ ಉಕೀಲ್, ಧೀರೇಂದ್ರಕೃಷ್ಣ ದೇವಬರ್ಮ, ಲಲಿತಮೋಹನ ಸೇನ್ ಮತ್ತು ಸುಧಾಂಶುಶೇಖರ ಚೌಧುರಿ. ದೇವಬರ್ಮರು ತ್ರಿಪುರದ ರಾಜವಂಶಕ್ಕೆ ಸೇರಿದವರು, ಶಾಂತಿನಿಕೇತನದ ಶಿಷ್ಯರು. 1927ರಲ್ಲಿ ರವೀಂದ್ರನಾಥರೊಡನೆ ಜಾವಾ ದ್ವೀಪವನ್ನು ಸಂದರ್ಶಿಸಿದವರು. ಸೇನರು ಲಖನೌದ ಕಲಾಶಾಲೆಯವರು. ನಾಲ್ವರೂ ಬಂಗಾಳದ ಕಲಾಸಂಪ್ರದಾಯದವರಾದುದರಿಂದ ಬೊಂಬಾಯಿಯ ಕಲಾವಲಯದಲ್ಲಿ ದೊಡ್ಡ ಅಸಮಾಧಾನವೇ ಎದ್ದಿತು, ಅಲ್ಲಿನ ಜೆ. ಜೆ. ಕಲಾಶಾಲೆಯ ಮುಖ್ಯಸ್ಥನಾದ ಗ್ಲ್ಯಾಡ್‌ಸ್ಟನ್ ಸಾಲೊಮನ್ನನು ತನ್ನ ವಿದ್ಯಾರ್ಥಿಗಳ ಪರವಾಗಿ ಬಹಳ ವಾದಿಸಿದನು. ಹೊಸದೆಹಲಿಯ ಸಚಿವಾಲಯದ ಗೋಡೆಗಳು ಬೊಂಬಾಯಿಯವರಿಗೆ ದೊರೆತುವು, ಲಂಡನ್ನಿನವು ಬಂಗಾಳದವರಿಗೆ.

ಇವರು 1929ರಲ್ಲಿ ಇಂಗ್ಲೆಂಡನ್ನು ತಲುಪಿ ರಾಯಲ್ ಕಾಲೇಜ್ ಆಫ್ ಆರ್ಟಿನಲ್ಲಿ ಸರ್ ವಿಲಿಯಂ ರೋಥೆನ್‌ಸ್ಟೈನರ ಮಾರ್ಗದರ್ಶನದಲ್ಲಿ ಅಭ್ಯಾಸಕ್ಕೆ ನಿಂತರು. 1912ರಲ್ಲಿ ರವೀಂದ್ರನಾಥರು ತಮ್ಮ ಕವಿತೆಗಳ ಇಂಗ್ಲಿಷ್ ರೂಪಗಳನ್ನು ಲಂಡನ್ನಿಗೆ ತಂದಾಗ ಅವನ್ನು ಕವಿ ಯೇಟ್ಸನ ಕೈಗೆ ತಲುಪಿಸಿದವರು ಈ ರೋಥೆನ್‌ಸ್ಟೈನರೇ. ಭಾರತೀಯ ಕಲೆಗೆ ಅದರದೇ ಆದ ಧರ್ಮವುಂಟೆಂದು ಗಟ್ಟಿಯಾಗಿ ನಂಬಿದ್ದವರು. ಲಂಡನ್ನಿನ ಅಭ್ಯಾಸದ ಮೇಲೆ ತರುಣರು ಇಟಲಿಗೆ ಹೋಗಿ ಅಲ್ಲಿನ ಹಳೆಯ ಚರ್ಚುಗಳ ಭಿತ್ತಿಚಿತ್ರಗಳನ್ನು ಪರಿಶೀಲಿಸಿದರು. ಇವರ ಮುಂದಿದ್ದ ಕಷ್ಟವೇನೆಂಬುದನ್ನು ಚಿತ್ರಕಲೆಯ ಪರಿಚಯವಿಲ್ಲದವರೂ ಊಹಿಸಬಹುದು. ಬಂಗಾಳದ ಸಂಪ್ರದಾಯದಲ್ಲಿ ಅವರು ಕಲಿತುದು ಮಡಿಲಲ್ಲಿಟ್ಟುಕೊಂಡು ಬರೆಯಬಹುದಾದ ಸಣ್ಣ ಕಾಗದದ ಮೇಲೆ, ಬಣ್ಣವನ್ನು ಮತ್ತೆ ಮತ್ತೆ ನೀರಿನಲ್ಲಿ ತೊಳೆದು ಮಂಜಿನಂತೆ ತೆಳುವಾಗಿಸುವ ಕ್ರಮವನ್ನು. ಭಿತ್ತಿಯ ಮೇಲೆ ತೊಳೆಯುವ ಮಾತೆಲ್ಲಿ? ಟೆಂಪೆರಾ ಎಂಬ ಇಟಲಿಯ ಹಳೆಯ ವಿಧಾನದಲ್ಲಿ ಬಣ್ಣದ ಪುಡಿಯನ್ನು ಮೊಟ್ಟೆಯ ಹಳದಿಯಲ್ಲಿ ಕಲಸುತ್ತಾರೆ. ಹಚ್ಚಿದ ಗಳಿಗೆಯಲ್ಲಿಯೇ ಅದು ಒಣಗುವುದರಿಂದ ಒಂದು ವರ್ಣವನ್ನು ಇನ್ನೊಂದರೊಳಕ್ಕೆ ಕರಗಿಸುವುದಕ್ಕೆ ಅವಕಾಶವಿಲ್ಲ, ಕೂದಲೆಳೆಯಂತಹ ಗೆರೆಗಳನ್ನು ಒಂದರ ಪಕ್ಕದಲ್ಲೊಂದು ಎಳೆಯುತ್ತಾ ಛಾಯೆಯನ್ನು ಮೂಡಿಸಬೇಕು. ಗೆರೆಯೇ ಪ್ರಧಾನವಾದ ಈ ಮಾರ್ಗವು, ಅಜಂತೆಯ ಚಿತ್ರಗಳನ್ನು ಆದರ್ಶವಾಗಿಟ್ಟುಕೊಂಡು ಬೆಳೆದ ಕೈಗಳಿಗೆ ಪರಕೀಯವಾಗಲಿಲ್ಲ. ಇದರ ಮೇಲೆ ಗುಮ್ಮಟದ ಬಾಗಿದ ಮೈ ಬೇರೆ. ಅಟ್ಟಣಿಗೆಯ ಮೇಲೆ ತಲೆಯೆತ್ತಿ ನಿಂತು ಬರೆದ ಆಕೃತಿಯು ಕೆಳಗಿನಿಂದ ನೋಡುವವನಿಗೆ ಕುಗ್ಗಿಯೋ ಹಿಗ್ಗಿಯೋ ಕಾಣಿಸದಂತೆ ಪ್ರಮಾಣವನ್ನು ತಿದ್ದಿಕೊಳ್ಳಬೇಕು.

1932ರ ಹೊತ್ತಿಗೆ ಕೆಲಸ ಪೂರ್ತಿಯಾಯಿತು. ಅಶೋಕನೂ ಅಕ್ಬರನೂ ತಮ್ಮ ಪರಿವಾರಗಳೊಡನೆ ಸ್ಟ್ರಾಂಡಿನ ಮಂಜುಗವಿದ ಆಕಾಶದ ಕೆಳಗೆ ಬಂದು ನೆಲಸಿದರು. ಆ ಆಯ್ಕೆಯಲ್ಲಿಯೇ ಒಂದು ಅರ್ಥವಿದೆಯೆಂದು ನನಗೆ ತೋರುತ್ತದೆ. ಕೆಳಗೆ ಕಚೇರಿಯಲ್ಲಿ ಕುಳಿತವರು ವೈಸರಾಯಿಯ ಆಜ್ಞೆಯಂತೆ ಉಕ್ಕಿನ ಹಳಿಗಳನ್ನು ಖರೀದಿ ಮಾಡುತ್ತಿದ್ದಾಗ, ಅವರ ತಲೆಯ ಮೇಲೆ ಭಾರತವು ತಾನೇ ತನ್ನ ರಾಜನಾಗಿದ್ದ ಯುಗಗಳು ಚಿತ್ರಿತವಾಗಿದ್ದುವು. ಲೆಡನ್‌ಹಾಲ್ ಬೀದಿಯ ಮನೆಯೊಳಕ್ಕೆ ಭಾರತವು ಲೂಟಿಯ ವಸ್ತುವಾಗಿ ಹೊಕ್ಕಿತ್ತು. ವೈಟ್‌ಹಾಲಿನ ಮನೆಯೊಳಕ್ಕೆ ಕಡತವಾಗಿ ಹೊಕ್ಕಿತು. ಇಲ್ಲಿಗೆ ಕೈಯಲ್ಲಿ ಕುಂಚವನ್ನು ಹಿಡಿದ ಮನುಷ್ಯನಾಗಿ ಬಂದಿತು. ಧ್ವಜವು ಏರುವುದಕ್ಕೆ ಹದಿನೈದು ವರ್ಷಗಳ ಮೊದಲೇ ಈ ಮನೆ ನಮ್ಮದಾಯಿತೆಂದು ನಾನು ಎಣಿಸುವುದು ಈ ಕಾರಣದಿಂದ.

ಕನ್ನಡಿಗರಿಗೆ ಈ ಮನೆಯೊಡನೆ ಬೇರೊಂದು ನಂಟೂ ಉಂಟು. 1934ರಿಂದ 1938ರವರೆಗೆ ಇಲ್ಲಿ ಉಪ ಹೈಕಮಿಷನರಾಗಿದ್ದವರು, ದಕ್ಷಿಣ ಕನ್ನಡದ ಪ್ರಸಿದ್ಧ ಮನೆತನಕ್ಕೆ ಸೇರಿದ ಬೆನಗಲ್ ರಾಮರಾಯರು. ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಬೆನಗ‌ಲ್ ನರಸಿಂಗರಾಯರ ಸಹೋದರರಾದ ಇವರು, ತರುವಾಯ ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಸ್ವತಂತ್ರ ಭಾರತದ ಪ್ರತಿನಿಧಿಯಾಗಿ, ಕೊನೆಗೆ ರಿಸರ್ವ್ ಬ್ಯಾಂಕಿನ ಗವರ್ನರರಾದರು. ಲೇಖಕಿಯೆಂದು ಖ್ಯಾತಿವೆತ್ತ ಅವರ ಮಗಳು ಶಾಂತಾ ರಾಮರಾವ್ ಲಂಡನ್ನಿನ ಶಾಲೆಯಲ್ಲಿ ಓದಿದುದು ಆ ವರ್ಷಗಳಲ್ಲಿಯೇ.

ಎರಡನೆಯ ಮಹಾಯುದ್ಧವು ಬಂದಾಗ ಭವನದ ಕೆಲಸವು ಇದ್ದಕ್ಕಿದ್ದಂತೆ ಮನುಷ್ಯರ ಹಸಿವಿಗೆ ಸಂಬಂಧಿಸಿದುದಾಯಿತು. 1939ರ ಕೊನೆಗೆ ಆರಂಭವಾದ ಇಂಡಿಯನ್ ಕಂಫರ್ಟ್ಸ್ ಫಂಡ್ ಎಂಬ ಸಂಸ್ಥೆಗೆ ಇಂಡಿಯಾ ಹೌಸೇ ನೆಲೆ. ಬ್ರಿಟನ್ನಿನಲ್ಲಿದ್ದ ಹೇಸರಗತ್ತೆಯ ದಳದ ಭಾರತೀಯ ಸೈನಿಕರಿಗೂ, ಹಡಗುಗಳಲ್ಲಿ ದುಡಿಯುತ್ತಿದ್ದ ಲಸ್ಕರರಿಗೂ ಉಣ್ಣೆಯ ಉಡುಪುಗಳು ಇಲ್ಲಿಂದ ಹೋಗುತ್ತಿದ್ದುವು. ಉತ್ತರ ಆಫ್ರಿಕದ ಯುದ್ಧದಲ್ಲಿ ಸೆರೆಸಿಕ್ಕಿ ಇಟಲಿ, ಜರ್ಮನಿಗಳ ಶಿಬಿರಗಳಲ್ಲಿದ್ದ ನಮ್ಮ ಯೋಧರಿಗೆ ಕಳುಹಿಸಿದ ಆಹಾರದ ಪೊಟ್ಟಣಗಳ ಸಂಖ್ಯೆ ಹದಿನಾರು ಲಕ್ಷವನ್ನು ಮೀರಿತು. ತಮ್ಮ ಊಟದ ಮಸಾಲೆಯ ಪರಿಮಳವು ಮುಳ್ಳುತಂತಿಯ ಒಳಗೆ ತಲುಪಿದಾಗ ಆ ಬಂದಿಗಳಿಗೆ ಆಗಿರಬಹುದಾದ ಸಂತೋಷವನ್ನು ವರ್ಣಿಸಬೇಕಾಗಿಲ್ಲ. ಬೀದಿಗೂ ಯುದ್ಧದ ಪೆಟ್ಟು ತಪ್ಪಲಿಲ್ಲ: 1944ರ ಜೂನ್ 30ರ ಮಧ್ಯಾಹ್ನ ಜರ್ಮನರ ಹಾರುಬಾಂಬೊಂದು ಆಲ್ಡ್‌ವಿಚ್ಚಿನ ನಡುವೆಯೇ ಬಿದ್ದು ನಲವತ್ತಕ್ಕೂ ಹೆಚ್ಚು ಜನರು ಮಡಿದರು.

1947ರ ಆಗಸ್ಟ್ 15ರಂದು ಇಂಡಿಯಾ ಹೌಸಿನ ಮೇಲೆ ತ್ರಿವರ್ಣಧ್ವಜವು ಏರಿತು. ಸ್ವತಂತ್ರ ಭಾರತದ ಮೊದಲನೆಯ ಹೈಕಮಿಷನರಾದ ವಿ. ಕೆ. ಕೃಷ್ಣಮೆನನ್ನರಿಗೆ ಆ ನೆರೆಹೊರೆ ಹೊಸದೇನೂ ಅಲ್ಲ. ಬ್ರಿಟಿಷ್ ಜನರ ಮುಂದೆ ಭಾರತದ ಸ್ವಾತಂತ್ರ್ಯದ ಪರವಾಗಿ ಅವರು ವರ್ಷಗಟ್ಟಲೆ ವಾದಿಸಿದ ಇಂಡಿಯಾ ಲೀಗಿನ ಬಡ ಕಚೇರಿಯು ಕೂಗಳತೆಯ ದೂರದಲ್ಲಿ, ಸ್ಟ್ರಾಂಡಿನ 165ನೆಯ ಸಂಖ್ಯೆಯ ಕಟ್ಟಡದಲ್ಲಿತ್ತು. ಹೊರಗೆ ನಿಂತು ಕೂಗಿದವರೇ ಒಳಗಿನ ಪೀಠಕ್ಕೆ ಬಂದರು. ಸಂಬಳವನ್ನು ನಾಮಮಾತ್ರಕ್ಕೆ ಒಪ್ಪಿಕೊಂಡು, ಕಟ್ಟಡದ ಒಂದು ಸಣ್ಣ ಕೋಣೆಯಲ್ಲಿಯೇ ಮಲಗಿ, ಚಹದ ಮೇಲೆಯೇ ಬಹುಪಾಲು ದಿನಗಳನ್ನು ತಳ್ಳುತ್ತಾ ಅವರು ದುಡಿದರು. 1949ರ ಏಪ್ರಿಲಿನಲ್ಲಿ, ಗಣರಾಜ್ಯವಾಗಲಿರುವ ಭಾರತವು ಕಾಮನ್‌ವೆಲ್ತಿನಲ್ಲಿಯೇ ಉಳಿಯಲು ದಾರಿ ಮಾಡಿದ ಲಂಡನ್ ಘೋಷಣೆಯ ಹಿಂದೆ ಮೆನನ್ನರ ಪರಿಶ್ರಮವು ಗಣನೀಯವಾದುದು. ನಮ್ಮ ಪ್ರತಿನಿಧಿಯು ಅಲ್ಲಿ ಇಂದಿಗೂ ರಾಯಭಾರಿಯೆನಿಸದೆ ಹೈಕಮಿಷನರೆನಿಸಿರುವುದು ಆ ಏರ್ಪಾಡಿನ ಫಲ. ಅವರ ಕಾಲದ ದೊಡ್ಡ ಕಳಂಕವೂ ಈ ಮನೆಯ ಹಳೆಯ ಕಸುಬಾದ ಖರೀದಿಯಿಂದಲೇ ಬಂದಿತು. ಕಾಶ್ಮೀರದ ಯುದ್ಧದ ತುರ್ತಿನಲ್ಲಿ, 1948ರಲ್ಲಿ, ಬಳಸಿದ ಜೀಪುಗಳಿಗಾಗಿ ಮಾಡಿಕೊಂಡ ಒಪ್ಪಂದದಂತೆ ಮದರಾಸಿನ ಬಂದರಿಗೆ ಬಂದಿಳಿದ ವಾಹನಗಳು ಉಪಯೋಗಕ್ಕೆ ಬಾರದೆ, ಪಾರ್ಲಿಮೆಂಟಿನಲ್ಲಿ ಬಹುದಿನಗಳ ಕೋಲಾಹಲವಾಯಿತು. ಮೆನನ್ನರ ಸೇವೆಯನ್ನು ಸ್ಮರಿಸುವವರು ಇದನ್ನು ಮುಚ್ಚಿಡಬಾರದು. ಇದೊಂದನ್ನೇ ಹಿಡಿದುಕೊಂಡು ಅವರ ಎರಡು ದಶಕಗಳ ತಪಸ್ಸನ್ನು ಅಲ್ಲಗಳೆಯುವುದೂ ಸಲ್ಲದು. ಅವರ ತರುವಾಯ ಬಿ. ಜಿ. ಖೇರ್, ವಿಜಯಲಕ್ಷ್ಮಿ ಪಂಡಿತ್, ಎಂ. ಸಿ. ಛಾಗ್ಲಾ, ಬಿ. ಕೆ. ನೆಹರೂ ಮೊದಲಾದ ಗಣ್ಯರು ಆ ಸ್ಥಾನವನ್ನು ವಹಿಸಿದರು.

ಮುಂದಿನ ದಶಕಗಳಲ್ಲಿ ಭವನವು ವೀಸಾ, ಪಾಸ್‌ಪೋರ್ಟುಗಳ ದೈನಂದಿನ ವ್ಯವಹಾರದಲ್ಲಿ ಮುಳುಗಿತು. ನಡುನಡುವೆ ಉಪಖಂಡದ ಕಲಹಗಳು ಅದರ ಬಾಗಿಲನ್ನು ಬಡಿದುದುಂಟು. 1973ರ ಫೆಬ್ರವರಿ 20ರಂದು ಆಟಿಕೆಯ ಪಿಸ್ತೂಲುಗಳನ್ನು ಹಿಡಿದು ಮೂವರು ಪಾಕಿಸ್ತಾನಿ ತರುಣರು ಒಳನುಗ್ಗಿ ನೌಕರರನ್ನು ಒತ್ತೆಯಾಗಿಟ್ಟುಕೊಂಡಾಗ, ಪೊಲೀಸರು ಹಾರಿಸಿದ ಗುಂಡಿಗೆ ಅವರಲ್ಲಿ ಇಬ್ಬರು ಬಲಿಯಾದರು. 2023ರ ಮಾರ್ಚ್ 19ರಂದು ಪ್ರತಿಭಟನಾಕಾರನೊಬ್ಬನು ಮುಂಬದಿಯ ಮೊಗಸಾಲೆಯನ್ನು ಹತ್ತಿ ಧ್ವಜವನ್ನು ಕೆಳಗಿಳಿಸಿದನು. ಕಾರ್ಯಾಲಯದವರು ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ತ್ರಿವರ್ಣಧ್ವಜವನ್ನು ಕಟ್ಟಡದ ಮುಖಕ್ಕೆ ಹೊದಿಸಿ ಉತ್ತರವಿತ್ತರು. ಪಕ್ಕದ ಓಣಿಗೆ ಇಂಡಿಯಾ ಪ್ಲೇಸ್ ಎಂದು ಹೆಸರು. ಅಲ್ಲಿ ನೆಹರೂ ಅವರ ಶಿರೋಶಿಲ್ಪವಿದೆ.

ಲಂಡನ್ನಿಗೆ ಹೋಗುವ ಕನ್ನಡಿಗರು ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಟೀಪುವಿನ ಹುಲಿಯ ಮುಂದೆ ನಿಲ್ಲದೆ ಬರುವುದಿಲ್ಲ; ನಿಲ್ಲತಕ್ಕದ್ದೇ. ಅಂತಹವರಲ್ಲಿ ನನ್ನದೊಂದು ಬಿನ್ನಹವಿದೆ. ಮುಂಚಿತವಾಗಿ ಪತ್ರ ಬರೆದು ಅನುಮತಿಯನ್ನು ಕೇಳಿ, ಆಲ್ಡ್‌ವಿಚ್ಚಿನ ಮನೆಯನ್ನೂ ಒಳಹೊಕ್ಕು ನೋಡಿರಿ. ಗುಮ್ಮಟದ ಚಿತ್ರಗಳನ್ನು ಬರೆದವರು ಯಾರೆಂದು ಅಲ್ಲಿರುವವರನ್ನು ವಿಚಾರಿಸಿರಿ. ಹೇಳಬಲ್ಲವರು ದೊರೆಯದಿದ್ದರೆ ಉಕೀಲ್, ದೇವಬರ್ಮ, ಸೇನ್, ಚೌಧುರಿ ಎಂಬ ನಾಲ್ಕು ಹೆಸರುಗಳನ್ನು ನೀವೇ ಅವರಿಗೆ ತಿಳಿಸಿ ಬನ್ನಿರಿ.